ಇಂಪನಾಳ ಪೆಟ್ಟಿಗೆಯ ಪಿಸುದನಿ

ನವೆಂಬರ್ 11, ಮಂಗಳವಾರ, ಬೆಳಿಗ್ಗೆ ಹತ್ತು ನಲವತ್ತಕ್ಕೆ ತುಮಕೂರಿನ ಠಾಣೆಗೆ ತಾಯಿ ಮಗಳು ಬಂದರು. ಮಗಳು ಇಂಪನಾಳಿಗೆ ಇಪ್ಪತ್ತಾರು ವರ್ಷ. ಎಡಗೈಗೆ ಮೊಣಕೈವರೆಗೆ ಹೊಸ ಪ್ಲಾಸ್ಟರ್. ತಾಯಿ ಸಿದ್ದಗಂಗಮ್ಮ ಸರ್ಕಾರಿ ಶಾಲೆಯ ಟೀಚರ್. ಇನ್‌ಸ್ಪೆಕ್ಟರ್ ಗಂಗಾಂಬಿಕೆ ಕುರ್ಚಿ ತೋರಿಸಿದರು. ಇಂಪನಾ ಅದನ್ನು ಗೋಡೆಗೆ ತಾಗುವಂತೆ ಹಿಂದಕ್ಕೆಳೆದು, ಬೆನ್ನ ಹಿಂದೆ ಜಾಗವೇ ಇಲ್ಲದ ಹಾಗೆ ಕುಳಿತಳು.

“ಏನಾಯ್ತಮ್ಮ?”

“ಮೇಡಂ, ನಾನು ಗಿಟಾರ್ ನುಡಿಸಿದ್ರೆ ಅದರೊಳಗಿಂದ ಯಾರೋ ಮಾತಾಡ್ತಾರೆ.”

ಬರೆಯುತ್ತಿದ್ದ ಹೆಡ್ ಕಾನ್‌ಸ್ಟೆಬಲ್ ಅಡವಿಯಪ್ಪ ತಲೆಯೆತ್ತಿದ.

“ನಾನೂ ನಂಬಿರಲಿಲ್ಲ,” ಎಂದರು ಸಿದ್ದಗಂಗಮ್ಮ. “ನಿದ್ದೆಗೆಟ್ಟು ಹಿಂಗಾಡ್ತಾಳೆ ಅಂದ್ಕೊಂಡೆ. ಮೆಟ್ಲಿಂದ ಉರುಳಿ ಕೈ ಮುರ್ಕೊಂಡ ಮೇಲೆ ಭಯ ಆಯ್ತು.”

ಇಂಪನಾ ಸಿನಿಮಾ ಹಾಡು, ಜಾಹೀರಾತುಗಳಿಗೆ ಮನೆಯಲ್ಲೇ ಕೂತು ಗಿಟಾರ್ ನುಡಿಸಿ ಕಳಿಸುವವಳು. ಸದಾಶಿವನಗರದ ಮನೆಯ ಮಹಡಿ ಕೋಣೆಯೇ ಅವಳ ಸ್ಟುಡಿಯೊ.

“ಮೊದಲ ಸಲ ಯಾವಾಗ?”

“ಅಕ್ಟೋಬರ್ 27, ಸೋಮವಾರ. ತಂತಿ ಮೀಟಿದ್ರೆ ‘ಇಂಪನಾ’ ಅಂತ ಪಿಸುಗುಟ್ತು. ಗಿಟಾರ್ ದನಿಗೆ ಹಾಕಿದ್ದ ಆ ಸೆಟಿಂಗೇ ಅಳಿಸಿಹಾಕ್ದೆ. ಆಮೇಲೆ ಏನೂ ಇರ್ಲಿಲ್ಲ. ಮೊನ್ನೆ ಭಾನುವಾರ ಮತ್ತೆ ಬಂತು.”

“ಏನಂತ?”

“ಹಿಂದೆ ನೋಡ್ಬೇಡ ಅಂತ.”

ಅವಳು ಹೆಡ್‌ಫೋನ್ ಕಿತ್ತೆಸೆದು ಓಡಿದ್ದಳು. ಮೂರನೇ ಮೆಟ್ಟಿಲಲ್ಲಿ ಕಾಲು ಜಾರಿತ್ತು.

ಮಧ್ಯಾಹ್ನ ಹನ್ನೆರಡೂಕಾಲಿಗೆ ಗಂಗಾಂಬಿಕೆ ಮನೆಗೆ ಹೋದರು. ಪಂಚರಾಗಿ ಅಕ್ಕಪಕ್ಕದ ಇಬ್ಬರನ್ನು ಕರೆಸಲಾಯಿತು. ಮಹಡಿ ಕೋಣೆಗೆ ಒಂದೇ ಬಾಗಿಲು, ಕಿಟಕಿಗೆ ಸರಳು. ಮೇಜಿನ ಮೇಲೆ ಕಂಪ್ಯೂಟರ್, ಪಕ್ಕದಲ್ಲಿ ಊಟದ ಡಬ್ಬಿಯಷ್ಟು ದೊಡ್ಡ ಕಪ್ಪು ಪೆಟ್ಟಿಗೆ.

“ಇದು ಆಂಪ್ ಸಿಮ್ಯುಲೇಟರ್,” ಇಂಪನಾ ಬಾಗಿಲಲ್ಲೇ ನಿಂತು ಹೇಳಿದಳು. “ಮೊದಲೆಲ್ಲ ಗಿಟಾರಿನ ಸದ್ದು ಹಿಗ್ಗಿಸೋ ದೊಡ್ಡ ಆಂಪ್ ಜೋರಾಗಿ ಹಾಕಿ, ಮುಂದೆ ಮೈಕ್ ಇಟ್ಟು ರೆಕಾರ್ಡ್ ಮಾಡ್ತಿದ್ರು. ಈಗ ಗಿಟಾರಿನ ವೈರು ಸೀದಾ ಇದಕ್ಕೆ. ಆಂಪಿನ ದನಿ, ಎಕೋ, ದೊಡ್ಡ ಹಾಲ್‌ನಂಥ ಗುಂಗು ಎಲ್ಲ ಇದೇ ಕೊಡುತ್ತೆ. ನನ್ನ ಹೆಡ್‌ಫೋನಿಗೆ ಬಿಟ್ರೆ ಆಚೆ ಸದ್ದೇ ಇರಲ್ಲ.”

“ಮೈಕು?”

“ಈ ರೂಮಲ್ಲಿ ಮೈಕೇ ಇಲ್ಲ ಮೇಡಂ. ಅದಕ್ಕೇ ಭಯ.”

ಮೈಕಿಲ್ಲದ ಕೋಣೆಯಲ್ಲಿ ಮನುಷ್ಯರ ದನಿ ಒಳಹೋಗುವುದು ಹೇಗೆ? ಗಂಗಾಂಬಿಕೆ ಅವಳು ಹೇಳಿದಂತೆ ವೈರು ಜೋಡಿಸಿ, ಹೆಡ್‌ಫೋನ್ ಹಾಕಿಕೊಂಡು, ಗಿಟಾರ್ ಮಡಿಲಲ್ಲಿಟ್ಟು ದಪ್ಪ ತಂತಿಯೊಂದನ್ನು ಮೀಟಿದರು. ತಂತಿಯ ನಾದ ಇಳಿಯುತ್ತ ಬಂದಂತೆ ಅದರ ಬಾಲದಲ್ಲಿ ಉಸಿರು ಸೇರಿಕೊಂಡಿತು. ಉಸಿರು ಮಾತಾಯಿತು. ಕುತ್ತಿಗೆಯ ಹತ್ತಿರ ಬಾಯಿಟ್ಟು ಆಡಿದ ಹಾಗಿತ್ತು.

ಅವರು ತಟ್ಟನೆ ಹಿಂದೆ ತಿರುಗಿದರು. ಗೋಡೆ ಮಾತ್ರ ಇತ್ತು.

“ಭಾನುವಾರ ಕೇಳಿದ್ದು ‘ಹಿಂದೆ ನೋಡ್ಬೇಡ’ ತಾನೆ?”

“ಹೌದು.”

“ಈಗ ಅದಲ್ಲ,” ಎಂದರು ಗಂಗಾಂಬಿಕೆ. ಮುಂದಿನದನ್ನು ಹುಡುಗಿಯ ಎದುರು ಹೇಳಲಿಲ್ಲ. ಅಡವಿಯಪ್ಪನನ್ನು ಆಚೆ ಕರೆದು ಬರೆಸಿದರು: ‘ಇನ್ನೊಂದು ಕೈ.’

ಅಂದರೆ ಇವಳು ಬಿದ್ದ ಮೇಲೆ, ಕೈ ಮುರಿದದ್ದು ತಿಳಿದವನು, ಈ ಕೋಣೆಗೆ ಬಂದು ಹೋಗಿದ್ದಾನೆ.

“ನಿನ್ನೆ ಮನೆಗೆ ಯಾರ್ಯಾರು ಬಂದಿದ್ರು?”

ಸಿದ್ದಗಂಗಮ್ಮ ಯೋಚಿಸಿದರು. “ಕೆಲಸದ ರಂಗಮ್ಮ. ಆಮೇಲೆ ಗುಬ್ಬಿ ಸಂತೋಷ್, ಈ ಪೆಟ್ಟಿಗೆ ರಿಪೇರಿ ಮಾಡೋನು. ಕುಣಿಗಲ್ಲಿಂದ ವಿಜಯೀಂದ್ರ ಮೇಷ್ಟ್ರು, ಇವಳಿಗೆ ಹತ್ತು ವರ್ಷದಿಂದ ಗಿಟಾರ್ ಹೇಳ್ಕೊಟ್ಟೋರು. ಪ್ರತಿ ಶನಿವಾರ ಬರ್ತಾರೆ. ಪಾಪ, ವಿಷಯ ಕೇಳಿ ಮೂಸಂಬಿ ತಂದಿದ್ರು.”

“ಮೇಲಕ್ಕೆ ಹೋಗಿದ್ದು?”

“ಸಂತೋಷ್ ಕಂಪ್ಯೂಟರ್ ಆಫ್ ಮಾಡಕ್ಕೆ ಹೋದ. ಮೇಷ್ಟ್ರು ಗಿಟಾರ್ ಚೀಲಕ್ಕೆ ಹಾಕ್ಬಂದ್ರು. ಇವಳು ಕೆಳಗೆ ಮಲ್ಗಿದ್ಲು.”

ಪಂಚನಾಮೆ ಬರೆದು ಪೆಟ್ಟಿಗೆಗೆ ಮೊಹರು ಹಾಕಲಾಯಿತು. ಹಿಂಬಾಲಿಸಿ ಪೀಡಿಸಿದ್ದು ಮತ್ತು ಅನಾಮಧೇಯ ಬೆದರಿಕೆಯ ಕಲಮುಗಳಡಿ ಎಫ್‌ಐಆರ್ ದಾಖಲಾಯಿತು. ಮನೆ ಮುಂದೆ ಮಹಿಳಾ ಪೇದೆಯೊಬ್ಬಳನ್ನು ನಿಲ್ಲಿಸಿದರು. ಇನ್ನೊಂದು ಕೈಯ ಮಾತು ಬರೀ ಮಾತಾಗಿಯೇ ಉಳಿಯುತ್ತದೆಂಬ ಧೈರ್ಯ ಗಂಗಾಂಬಿಕೆಗೆ ಇರಲಿಲ್ಲ.

ಎರಡೂವರೆಗೆ ಜೀಪು ಗುಬ್ಬಿ ತಲುಪಿತು. ಬಸ್ ಸ್ಟ್ಯಾಂಡಿನ ಹತ್ತಿರ, ಮೊಬೈಲ್ ಅಂಗಡಿಯ ಮಹಡಿಯಲ್ಲಿ ಸಂತೋಷ್ ಬೆಸುಗೆ ಹಾಕುತ್ತಿದ್ದ. ಪೊಲೀಸರನ್ನು ಕಂಡು ಬೆಸುಗೆ ಕಡ್ಡಿ ಕೆಳಗಿಟ್ಟ.

“ಪೆಟ್ಟಿಗೆ ಯಾವಾಗ ಮುಟ್ಟಿದ್ದೆ?”

“ಅಕ್ಟೋಬರ್ ಮೊದಲನೇ ವಾರ ಮೇಡಂ. ವೈರ್ ಚುಚ್ಚೋ ಜಾಗ ಲೂಸಾಗಿತ್ತು, ಅಷ್ಟೇ.”

“ಅದರೊಳಗೆ ದನಿ ತುಂಬೋದು ಹೇಗೆ ಅಂತ ನಿಂಗೊತ್ತು.”

“ದನಿ? ಯಾತರ ದನಿ?”

ಅಂಗಡಿಯವರಿಬ್ಬರನ್ನು ಪಂಚರಾಗಿ ಕೂರಿಸಿ, ಅವರೆದುರೇ ಪೆಟ್ಟಿಗೆಯ ಮೊಹರು ಒಡೆದು, ಸಂತೋಷನ ಬಳಿಯಿದ್ದ ಗಿಟಾರ್ ಜೋಡಿಸಿ ಒಂದು ತಂತಿ ಮೀಟಿಸಿದರು. ಸಂತೋಷ್ ಎರಡು ಸಲ ಕೇಳಿದ. ಆಮೇಲೆ ಅವನೇ ವಿವರಿಸಿದ.

“ಮೇಡಂ, ಚರ್ಚಲ್ಲಿ ನುಡಿಸಿದ ಹಾಗೆ, ದೊಡ್ಡ ಹಾಲಲ್ಲಿ ನುಡಿಸಿದ ಹಾಗೆ ಗುಂಗು ಬರ್ಲಿ ಅಂತ ಒಂದೊಂದು ಜಾಗದ ಗುಂಗನ್ನೂ ಫೈಲ್ ಮಾಡಿ ಇದರೊಳಗೆ ಹಾಕ್ತಾರೆ. ಯಾರೋ ಆ ಫೈಲ್ ತೆಗೆದು ತಮ್ಮ ದನಿ ಹಾಕವ್ರೆ. ಅದಕ್ಕೇ ತಂತಿ ಮೀಟಿದಾಗೆಲ್ಲ ಆ ದನಿ ಬರ್ತದೆ. ಲ್ಯಾಪ್‌ಟಾಪ್ ಇದ್ರೆ ಐದು ನಿಮಿಷದ ಕೆಲಸ. ನಿನ್ನೆ ನಾನು ಬರಿಗೈಲಿ ಹೋಗಿದ್ದೆ, ಬೇಕಾದ್ರೆ ಕೇಳಿ.”

“ಆ ಫೈಲ್ ಹಾಗೇ ಕೇಳಿಸಕ್ಕಾಗುತ್ತಾ? ಗಿಟಾರ್ ಇಲ್ಲದೆ?”

ಸಂತೋಷ್ ಫೈಲಿನ ನಕಲು ತೆಗೆದು ಸ್ಪೀಕರಿಗೆ ಹಾಕಿದ. ನಾಲ್ಕು ಸೆಕೆಂಡು. ಗಂಡಸಿನ ಪಿಸುದನಿ. ಅದು ಮುಗಿಯುತ್ತಿದ್ದಂತೆ ದೂರದಲ್ಲಿ, ತೆಳ್ಳಗೆ, ಇನ್ನೇನೋ.

“ಇನ್ನೊಂದ್ಸಲ ಹಾಕು,” ಎಂದ ಅಡವಿಯಪ್ಪ. ಕಿವಿಗೊಟ್ಟು ಕೇಳಿ ಹೇಳಿದ: “ಕುದುರೆ ಕೆನೆಯೋದು ಮೇಡಂ.”

ಕುದುರೆಗಳ ಲಾಯ ಇರುವುದು ಕುಣಿಗಲ್ಲಿನಲ್ಲಿ. ಸಿದ್ದಗಂಗಮ್ಮನಿಗೆ ಫೋನ್ ಮಾಡಿದಾಗ ಎರಡು ಉತ್ತರ ಸಿಕ್ಕವು. ಸಂತೋಷ್ ಬರಿಗೈಯಲ್ಲಿ ಬಂದಿದ್ದು ನಿಜ. ಮೇಷ್ಟ್ರ ಹೆಗಲಲ್ಲಿ ಲ್ಯಾಪ್‌ಟಾಪ್ ಬ್ಯಾಗಿತ್ತು.

ಸಂಜೆ ಐದು ಹತ್ತಕ್ಕೆ ಕುದುರೆ ಲಾಯದ ಗೋಡೆಗೆ ಆನಿಕೊಂಡ ಬೀದಿಯಲ್ಲಿ ಜೀಪು ನಿಂತಿತು. ವಿಜಯೀಂದ್ರರ ಮನೆ ಬಾಗಿಲು ತೆರೆದೇ ಇತ್ತು. ಒಳಗೆ ಎದೆಯೆತ್ತರದ ಎರಡು ಆಂಪ್‌ಗಳ ನಡುವೆ ನಲವತ್ತೆಂಟರ ಸಣಕಲು ಮನುಷ್ಯ ಗೋಡೆ ನೋಡುತ್ತ ಕುಳಿತಿದ್ದರು. ಗಂಗಾಂಬಿಕೆ ಎಡಗಡೆಯಿಂದ ಎರಡು ಸಲ ಹೆಸರು ಹಿಡಿದು ಕರೆದರು. ಅವರು ಅಲ್ಲಾಡಲಿಲ್ಲ. ಎದುರಿಗೆ ಬಂದಾಗ ಬೆಚ್ಚಿ ಎದ್ದರು.

“ನಿನ್ನೆ ಇಂಪನಾ ಮನೇಲಿ ಮಹಡಿಗೆ ಯಾಕೆ ಹೋಗಿದ್ರಿ?”

“ಗಿಟಾರ್ ಎತ್ತಿಡೋಕೆ.”

“ಲ್ಯಾಪ್‌ಟಾಪ್ ಯಾಕೆ?”

ವಿಜಯೀಂದ್ರ ಬ್ಯಾಗನ್ನು ಕಾಲಿನ ಹಿಂದಕ್ಕೆ ಸರಿಸಿದರು. ಗಂಗಾಂಬಿಕೆ ಮೊಬೈಲಿನಲ್ಲಿ ಫೈಲ್ ಹಾಕಿ ಅವರ ಬಲಗಿವಿಯ ಹತ್ತಿರ ಹಿಡಿದರು.

“ಇದು ನಿಮ್ಮ ದನಿ. ಹಿಂದೆ ಕುದುರೆ ಕೂಗಿದೆ. ಅದನ್ನಾದರೂ ತೆಗೀಬಾರದಿತ್ತಾ?”

“ಕುದುರೆನಾ?” ವಿಜಯೀಂದ್ರ ಇನ್‌ಸ್ಪೆಕ್ಟರ್ ಮುಖವನ್ನೇ ನೋಡಿದರು. “ಯಾವ ಕುದುರೆ?”

ಆಮೇಲೆ ತಾವಾಗಿಯೇ ಕುಳಿತುಬಿಟ್ಟರು. ಮೂರೂ ಪಿಸುದನಿಯ ಫೈಲುಗಳು ಅವರ ಲ್ಯಾಪ್‌ಟಾಪಿನಲ್ಲಿದ್ದವು. ಐದು ಐವತ್ತಕ್ಕೆ ಬಂಧನದ ಮೆಮೊಗೆ ಸಹಿಯಾಯಿತು.

ಠಾಣೆಯಲ್ಲಿ ಕೊಟ್ಟ ಹೇಳಿಕೆ ಒಂದೂವರೆ ಪುಟ ಇತ್ತು. ಇಪ್ಪತ್ತೆರಡು ವರ್ಷ ಆಂಪಿನ ಮುಂದೆ ನಿಂತು ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿಗೆ ಸಣ್ಣ ದನಿಗಳು ಹತ್ತುತ್ತಿರಲಿಲ್ಲ. ಹಗಲಿರುಳೂ ಒಂದು ಕೀರಲು ಸದ್ದು ಮಾತ್ರ. ಯಾರಿಗೂ ಹೇಳಿರಲಿಲ್ಲ.

“ಪ್ರತಿ ಶನಿವಾರ ಅವಳು ಆ ಪೆಟ್ಟಿಗೇಲಿ ಮೆಲ್ಲಗೆ ನುಡ್ಸಿ, ಹೆಂಗಿದೆ ಸರ್ ಅಂತ ಕೇಳೋಳು. ನಂಗೆ ಅವಳ ಬೆರಳು ಆಡೋದಷ್ಟೇ ಕಾಣೋದು. ನನ್ನ ಕಿವೀಲಿ ಸದ್ದು ನಿಲ್ಲೋದೇ ಇಲ್ಲ ಮೇಡಂ. ಅವಳ ಕಿವೀಲೂ ಒಂದಿರಲಿ ಅನ್ನಿಸ್ತು.”

“ಇನ್ನೊಂದು ಕೈ ಅಂದ್ರಲ್ಲ. ಮುರೀತಿದ್ರಾ?”

“ಗೊತ್ತಿಲ್ಲ.”

ಆ ಒಂದು ಮಾತನ್ನು ಬರೆಯುವಾಗ ಅಡವಿಯಪ್ಪ ಎರಡು ಸಲ ಪೆನ್ನು ನಿಲ್ಲಿಸಿದ.

ಮರುದಿನ ಬೆಳಿಗ್ಗೆ ಗಂಗಾಂಬಿಕೆಯೇ ಸದಾಶಿವನಗರಕ್ಕೆ ಹೋಗಿ ವಿಷಯ ತಿಳಿಸಿದರು. ಸಿದ್ದಗಂಗಮ್ಮ ಶಪಿಸಿದರು, ಅತ್ತರು. ಇಂಪನಾ ಅಳಲಿಲ್ಲ. ಪ್ಲಾಸ್ಟರ್ ಕೈಯನ್ನು ಎದೆಗೆ ಒತ್ತಿಕೊಂಡು ಕುಳಿತಿದ್ದಳು.

“ಸರ್‌ಗೆ ಎಷ್ಟು ದಿನದಿಂದ ಕೇಳಿಸ್ತಿರ್ಲಿಲ್ವಂತೆ ಮೇಡಂ?”

“ಎರಡು ವರ್ಷ.”

“ಮತ್ತೆ ಪ್ರತಿ ಸಲ ಚೆನ್ನಾಗಿದೆ, ಚೆನ್ನಾಗಿದೆ ಅಂತಿದ್ರಲ್ಲ…”

ಗಂಗಾಂಬಿಕೆ ಸಹಿ ಬೇಕಾಗಿದ್ದ ಕಾಗದವನ್ನು ಅವಳ ಬಲಗೈಗೆ ಸಿಗುವಂತೆ ಇಟ್ಟರು.