ಒಂಟಿ ರಾಜನ ಹರಾಜು

ನವರಾತ್ರಿಯ ಹಿಂದಿನ ದಿನ ಪೆಟ್ಟಿಗೆ ತೆರೆದಾಗ ಪಟ್ಟದ ಗೊಂಬೆಗಳಲ್ಲಿ ರಾಜ ಮಾತ್ರ ಇದ್ದ. ರಾಣಿ ಇರಲಿಲ್ಲ.

ನಂಜನಗೂಡಿನ ನಂಜುಂಡಯ್ಯ ಮೇಷ್ಟರ ಮನೆ. ತಲೆಮಾರುಗಳಿಂದ ಬಂದ ಆ ಜೋಡಿಯನ್ನು ಮದುವೆಯಲ್ಲಿ ಮಗಳು ಸಿಂಧುವಿಗೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ಗೊಂಬೆಗಳೂ ಅವಳ ಜೊತೆ ತವರಿಗೆ ಮರಳಿದ್ದವು. ಪೆಟ್ಟಿಗೆ ಇದ್ದದ್ದು ಅವಳ ಕೋಣೆಯಲ್ಲಿ. ಅವಳೇ ರಾಣಿಯನ್ನು ಯಾರಿಗೋ ಕೊಟ್ಟಿದ್ದಾಳೆಂದು ತಂದೆ ತೀರ್ಮಾನಿಸಿದರು. ಅಂದಿನಿಂದ ಅವಳೊಡನೆ ಮಾತು ಬಿಟ್ಟರು.

ಒಂಟಿ ಗೊಂಬೆ ಮನೆಯಲ್ಲಿರಬಾರದು ಎಂದರು. ಸಿಂಧುವಿನ ಅಣ್ಣ ಮುರಳೀಧರ ರಾಜನನ್ನು ಆನ್‌ಲೈನ್ ಹರಾಜಿಗೆ ಹಾಕಿದ. ಅಗ್ಗಕ್ಕೆ ಹೋಯಿತು.

ಸಿಂಧು ನನ್ನ ಕಾಲೇಜು ಗೆಳತಿ. ತಿ. ನರಸೀಪುರದಲ್ಲಿ ನನ್ನ ಎದುರು ಮನೆಯ ಶಿವನಂಜಮ್ಮ ಪೊಲೀಸ್ ಇಲಾಖೆಯಿಂದ ನಿವೃತ್ತರಾದವರು. ದೀಪಾವಳಿ ಕಳೆದ ಮೇಲೆ ಅವರಿಗೆ ವಿಷಯ ಹೇಳಿದೆ. ಆ ಹರಾಜಿನ ಪುಟವನ್ನು ಮೊಬೈಲಿನಲ್ಲಿ ಬಹಳ ಹೊತ್ತು ನೋಡಿದರು. ಕೆಲವು ದಿನ ಬಿಟ್ಟು, "ನಡಿಯಮ್ಮ, ನಂಜನಗೂಡಿಗೆ ಓಗುವ," ಎಂದರು.

ಮೇಷ್ಟರೂ ಮುರಳೀಧರನೂ ನಡುಮನೆಯಲ್ಲಿ ಕೂತಿದ್ದರು.

"ಕಂಪ್ಲೇಂಟ್ ಯಾಕೆ ಕೊಡ್ಲಿಲ್ಲ ಮೇಷ್ಟ್ರೇ?" ಎಂದರು ಶಿವನಂಜಮ್ಮ.

"ಮನೆ ಮಗಳ ಮೇಲೆ ಕಂಪ್ಲೇಂಟೇನ್ರೀ?"

ಬಾಗಿಲ ಬಳಿ ನಿಂತಿದ್ದ ಸಿಂಧು ತಲೆ ಎತ್ತಲಿಲ್ಲ.

"ಹರಾಜಿಗೆ ಹಾಕಿದ್ದು ನೀನೇನಪ್ಪ?"

"ನಾನೇ ಮೇಡಂ," ಎಂದ ಮುರಳೀಧರ. "ಎಲ್ಲ ಓಪನ್ನು. ಯಾರು ಬೇಕಾದ್ರೂ ಕೂಗಬಹುದಿತ್ತು."

"ಎಷ್ಟು ಜನ ಕೂಗಿದ್ರು?"

"ಒಬ್ರೇ. ಜೋಡಿ ಇಲ್ಲದ ಗೊಂಬೆ ಯಾರಿಗೆ ಬೇಕು?"

"ನಾನೂ ಅದನ್ನೇ ಕೇಳ್ತಿರೋದು—ಯಾರಿಗೆ ಬೇಕು?"

ಮುರಳೀಧರ ನಕ್ಕ. "ತಗೊಂಡೋರನ್ನೇ ಕೇಳಿ."

"ಕೇಳ್ಕಂಡೇ ಬಂದಿವ್ನಿ ಕಣಪ್ಪ."

ನಗು ನಿಂತಿತು.

"ಆ ಪುಟದ ಕೆಳಗೆ ಜನ ಪ್ರಶ್ನೆ ಹಾಕವ್ರೆ. ಮೈಸೂರಿನೋರು, ಮಂಡ್ಯದೋರು—ಎಲ್ರದ್ದೂ ಒಂದೇ ಮಾತು. ರಾಣಿ ಎಲ್ಲಿ? ಇಲ್ಲ ಅಂತ ಗೊತ್ತಾಗ್ತಿದ್ದಂಗೆ ಹೊಂಟೋದ್ರು. ನಮ್ಮ ಕಡೆ ರಾಜನ್ನ ಒಂಟಿಯಾಗಿ ಯಾರು ಕೂರಿಸ್ತಾರೆ? ರಾಣಿ ಎಲ್ಲಿ ಅಂತ ಕೇಳದೇ ಇದ್ದೋನು ಒಬ್ನೇ. ತಗೊಂಡೋನೂ ಅವನೇ."

"ಹಳೇ ಸಾಮಾನಿನ ಶೋಕಿ ಇರಬಹುದು..."

"ಅವನ ಹೆಸರು ಪುಟದಲ್ಲೇ ಇತ್ತು. ಅಂಗಡಿ ನಮ್ಮ ನರಸೀಪುರದಲ್ಲೇ. ನೆನ್ನೆ ಓಗಿದ್ದೆ. ಗಾಜಿನ ಬೀರುವಿನಲ್ಲಿ ರಾಜ ಅವ್ನೆ. ಪಕ್ಕದಲ್ಲೇ ರಾಣಿ."

ಮೇಷ್ಟರು ಎದ್ದು ನಿಂತರು. "ಅಂದ್ರೆ—ಸಿಂಧು ಅವನಿಗೆ ಮಾರಿದ್ಳಾ?"

ಶಿವನಂಜಮ್ಮ ಅವರನ್ನೇ ನೋಡಿದರು.

"ಅವಳಿಗೆ ಮಾರಬೇಕಿದ್ರೆ ಜೋಡಿಯಾಗೇ ಮಾರ್ತಿದ್ಳು. ಅವು ಅವಳವೇ ಅಲ್ವಾ? ಒಂದನ್ನ ಮೊದ್ಲು ಸಾಗಿಸಿ, ಇನ್ನೊಂದನ್ನ ಹರಾಜಿನ ನೆಪದಲ್ಲಿ ಅದೇ ಮನುಷ್ಯನಿಗೆ ಮುಟ್ಟಿಸೋ ಕಷ್ಟ ಅವಳಿಗ್ಯಾಕೆ? ಎರಡೂ ಮಾಯವಾಗಿದ್ರೆ ಕಳ್ಳತನ, ನೀವು ಸ್ಟೇಷನ್ನಿಗೆ ಓಗ್ತಿದ್ರಿ. ಒಂದೇ ಹೋದ್ರೆ ಮಗಳ ಮೇಲೆ ಗುಮಾನಿ. ಉಳಿದದ್ದನ್ನ ನೀವೇ ಮನೆಯಿಂದಾಚೆ ಕಳಿಸ್ತೀರಿ. ನಿಮ್ಮ ಸ್ವಭಾವ ಬಲ್ಲೋರೇ ಹಾಕಿದ ಲೆಕ್ಕ ಇದು."

ಮುರಳೀಧರನ ಕಡೆ ತಿರುಗಿದರು.

"ಹರಾಜಿಗೆ ಮೊದ್ಲೇ ಮಾತಾಗಿತ್ತು ಅಂತ ಅಂಗಡಿಯೋನು ಒಪ್ಕಂಡವ್ನೆ. ರಾಣೀನ ತಂದ್ಕೊಟ್ಟಿದ್ದು ಯಾರು—ನೀನೇ ಹೇಳ್ತೀಯೋ, ಅವನನ್ನ ಇಲ್ಲಿಗೇ ಕರೆಸ್ಲೋ?"



"ನಾನೇ," ಎಂದ ಮುರಳೀಧರ. "ಪೆಟ್ಟಿಗೇಲಿ ಸುಮ್ಮನೆ ಬಿದ್ದಿದ್ವು. ಇನ್ನು ಅವಳಂತೂ ಕೂರಿಸೋ ಹಾಗಿರಲಿಲ್ಲವಲ್ಲ."

ಸಿಂಧು ಆಗ ತಲೆ ಎತ್ತಿದಳು.

"ಗೊಂಬೆಗಳನ್ನ ಇವತ್ತೇ ತರಿಸ್ತೀನಿ," ಎಂದರು ಮೇಷ್ಟರು. ಹೇಳಿದ್ದು ಶಿವನಂಜಮ್ಮನಿಗೆ, ಮಗಳಿಗಲ್ಲ.

"ಗೊಂಬೆ ಬರುತ್ತೆ ಅಪ್ಪ," ಎಂದಳು ಸಿಂಧು. "ನವರಾತ್ರಿಯಿಂದ ನೀವು ನನ್ನ ಮುಖ ನೋಡಿ ಮಾತಾಡಿಲ್ಲ. ಅದು?"

ಮೇಷ್ಟರ ಕೈ ಕುರ್ಚಿಯ ಬೆನ್ನನ್ನು ತಡಕಿತು. ಅದನ್ನು ಅವಳ ಕಡೆಗೆ ಸ್ವಲ್ಪ ಎಳೆದರು.

"ಕೂತ್ಕೋಮ್ಮ," ಎಂದರು.

ಸಿಂಧು ನಿಂತೇ ಇದ್ದಳು.