ಇಪ್ಪತ್ತೊಂದು ದಿನದ ತಾಯಿ

ಸೋಪಿನ ಡಬ್ಬಿಯಷ್ಟಿದ್ದ ಯಂತ್ರವನ್ನು ಡಾಕ್ಟರ್ ತಾಹಿರಾ ಸವಣೂರ ಅವರು ಮರಿಗೆಂದು ಇಟ್ಟ ಬುಟ್ಟಿಯ ಅಂಚಿಗೆ ಸಿಕ್ಕಿಸಿ ಗುಂಡಿ ಒತ್ತಿದರು. ಸದ್ದಿಲ್ಲ, ಬೆಳಕಿಲ್ಲ. ಸೋಫಾದ ಕೆಳಗೆ ಮುದುಡಿಕೊಂಡು ನಿನ್ನೆಯಿಂದ ಕುಂಯ್‌ಗುಡುತ್ತಿದ್ದ ನಾಯಿಮರಿ ಥಟ್ಟನೆ ಸುಮ್ಮನಾಯಿತು. ಮೂಗು ಮೇಲೆತ್ತಿತು. ಆಮೇಲೆ ತಡವರಿಸುತ್ತ ಬಂದು ಬುಟ್ಟಿಗೆ ಬಿದ್ದು, ಯಂತ್ರಕ್ಕೆ ಮೂಗು ತಾಗಿಸಿ ಮಲಗಿತು. ಅರ್ಧ ಗಂಟೆಯ ನಂತರ ಎದ್ದು ಗಂಜಿ ನೆಕ್ಕಿತು. ಆಗಲೇ ಇಂಚರಾ ನೆಮ್ಮದಿಯ ಉಸಿರು ಬಿಟ್ಟದ್ದು.

ಅದು 2067ನೆಯ ಇಸವಿ. ಇಂಚರಾ ಧಾರವಾಡದ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುವ, ನಲವತ್ತೆಂಟರ ಒಂಟಿ ಹೆಂಗಸು. ಮರಿ ಬಿಳಿಯ ಪೊಮೇರಿಯನ್, ತೂಕ ಮುಕ್ಕಾಲು ಕಿಲೋ, ಹೆಸರು ಚುರಮುರಿ. ಇಂಥ ಸಣ್ಣ ಜಾತಿಯ ಮರಿಗಳು ಒಂದೆರಡು ಹೊತ್ತು ಉಣ್ಣದಿದ್ದರೂ ಸಾಕು, ರಕ್ತದಲ್ಲಿ ಸಕ್ಕರೆ ಇಳಿದು ಜೀವಕ್ಕೇ ಕುತ್ತು ಬರುತ್ತದೆ. ಮರಿ ಬರುವ ಹದಿನೈದು ದಿನ ಮೊದಲೇ ಇಂಚರಾ ಮನೆಗೆ ಬಾಣಂತಿ ಬರುವವಳಿದ್ದಾಳೆ ಎನ್ನುವ ಹಾಗೆ ತಯಾರಿ ನಡೆಸಿದ್ದಳು. ಮೆಟ್ಟಿಲಿಗೆ ಅಡ್ಡ ಹಲಗೆ ಇಟ್ಟಳು, ವಯರುಗಳನ್ನೆಲ್ಲ ಮೇಲೆ ಕಟ್ಟಿದಳು, ನಾಲ್ಕು ಹೊತ್ತಿನ ಊಟದ ಪಟ್ಟಿಯನ್ನು ಗೋಡೆಗೆ ಅಂಟಿಸಿದಳು. ಆದರೆ ಮರಿಗೆ ಬೇಕಾಗಿದ್ದದ್ದು ಅದರ ತಾಯಿ. ಅದನ್ನು ಯಾವ ಅಂಗಡಿಯಿಂದ ತರುವುದು?

ವಾಸನೆಯೆಂದರೆ ಗಾಳಿಯಲ್ಲಿ ತೇಲುವ ಅಣುಗಳ ಮಿಶ್ರಣ. ಒಂದೊಂದು ಜೀವದ್ದೂ ಒಂದೊಂದು ಬಗೆ. ಮರಿ ಕೊಟ್ಟವರು ತಾಯಿಯ ಮೈ ಒರೆಸಿ ಒಂದು ತುಂಡು ಬಟ್ಟೆ ಕಳಿಸಿದ್ದರು. ಯಂತ್ರ ಅದರಿಂದ ಮಿಶ್ರಣವನ್ನು ಓದಿಕೊಂಡು, ತನ್ನೊಳಗಿನ ಅರವತ್ತು ಪುಟ್ಟ ಕುಪ್ಪಿಗಳಿಂದ ಅದನ್ನೇ ಮತ್ತೆ ಬೆರೆಸಿ ಬಿಡುತ್ತಿತ್ತು. ತಾಹಿರಾ ಒಂಬತ್ತು ವರ್ಷ ಇದಕ್ಕಾಗಿ ಜೀವ ತೇದಿದ್ದರು.

"ದಿನಾ ಸ್ವಲ್ಪ ಸ್ವಲ್ಪ ಕಡಿಮಿ ಆಗ್ತದ್ರಿ," ಎಂದರು ತಾಹಿರಾ. "ಇಪ್ಪತ್ತೊಂದನೇ ದಿನಕ್ಕ ಪೂರಾ ಬಂದ್. ಅಷ್ಟರಾಗ ಅದಕ್ಕ ನಿಮ್ಮ ವಾಸನಿ ರೂಢಿ ಆಗಿರ್ತದ."

"ತಾಯಿ ಹೋದದ್ದು ಅದಕ್ಕ ಗೊತ್ತಾಗೂದಿಲ್ಲೇನ್ರಿ?"

"ಗೊತ್ತಾಗಬಾರದು ಅಂತನ ಹಂಗ ಮಾಡೇವಿ."

ಇಂಚರಾಳಿಗೆ ಹೊಟ್ಟೆಕಿಚ್ಚಾಯಿತು. ನಾಯಿಮರಿಯ ಮೇಲೆ ಹೊಟ್ಟೆಕಿಚ್ಚು ಪಡುವುದೆಂದರೆ ನಗೆಪಾಟಲು, ಆದರೂ ಆಯಿತು. ಅವಳ ಅವ್ವ ತೀರಿಕೊಂಡಾಗ ಅವಳಿಗೆ ಎಂಟು ವರ್ಷ. ಅವ್ವನಿಗೊಂದು ವಾಸನೆ ಇತ್ತೆಂಬುದು ನೆನಪಿತ್ತು. ಅದು ಎಂಥದೆಂಬುದು ಮರೆತುಹೋಗಿತ್ತು.

ಆರನೆಯ ದಿನ ಅವಳು ಕಪಾಟಿನಿಂದ ಕೌದಿಯೊಂದನ್ನು ತೆಗೆದು ತಾಹಿರಾ ಅವರ ಪ್ರಯೋಗಾಲಯಕ್ಕೆ ಹೋದಳು. ಅವ್ವನ ಮೂರು ಸೀರೆ, ಒಂದು ನೈಟಿಯ ತುಂಡುಗಳನ್ನು ಕೂಡಿಸಿ ಅಜ್ಜಿ ಹೊಲಿದ ಕೌದಿ ಅದು.

"ಇದರಾಗ ಅವ್ವ ಇದ್ದಾಳೇನ ನೋಡ್ರಿ, ಮೇಡಂ."

ತಾಹಿರಾ ಮಡಿಕೆ ಮಡಿಕೆಯಿಂದಲೂ ನೂಲು ತೆಗೆದು ಪರೀಕ್ಷಿಸಿದರು. ಬೆಳಿಗ್ಗೆ ಹಿಡಿದ ಕೆಲಸ ಮಧ್ಯಾಹ್ನದ ಊಟದ ಹೊತ್ತು ಮೀರಿದರೂ ಮುಗಿಯಲಿಲ್ಲ. ಕೊನೆಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹತ್ತು ನಮೂನಿ ಸೋಪು ಸಿಕ್ಕಾವು. ನುಸಿಗುಳಿಗಿ ಅದ. ಮನುಷ್ಯಾರದು ಒಬ್ಬರದ ಗುರುತು ಅದ್ರಿ, ಅದು ನಿಮ್ದ. ಇದನ್ನ ಎಷ್ಟ ಸಲ ಒಗದೀರಿ?"

ಆ ಕಡೆಯ ಮನೆಗಳಲ್ಲಿ ಮಹಾನವಮಿಗೆ ಘಟ ಹಾಕುವ ಮೊದಲು ಹಾಸಿಗೆ ಹೊದಿಕೆಗಳೆಲ್ಲ ನೀರು ಕಾಣಲೇಬೇಕು. ಊರೆಲ್ಲ ಮಷಿನ್ನಿಗೆ ಹಾಕಿದರೂ ಇಂಚರಾ ಈ ಕೌದಿಯನ್ನು ಮಾತ್ರ ಕೈಯಾರೆ ಒಗೆಯುತ್ತಿದ್ದಳು. ಅವ್ವನದೆಂಬ ಪ್ರೀತಿಗೆ ಎರಡೆರಡು ಸಲ ಸೋಪು ಹಚ್ಚುತ್ತಿದ್ದಳು.

"ವರ್ಷಾ ಒಗದೇನ್ರಿ," ಎಂದಳು. "ನಲವತ್ತ ವರ್ಷ."

"ನಿಮ್ದೊಂದ ಅಲ್ರಿ ಅಕ್ಕಾರ. ಆ ಕಾಲದಾಗ ಹೋದವರ ಮಕ್ಕಳು ಭಾಳ ಮಂದಿ ಬರ್ತಾರ. ಫೋಟೋ, ವಿಡಿಯೋ ರಾಶಿ ರಾಶಿ ಇಟ್ಟಿರ್ತಾರ. ಒಗೀಲಾರದ ಒಂದ ಅರಿವಿ ಯಾರೂ ತಂದಿಲ್ಲ."

ಇಂಚರಾ ಕೌದಿಯನ್ನು ಮಡಚಿ ಚೀಲಕ್ಕೆ ಹಾಕಿದಳು. ಬಾಗಿಲವರೆಗೆ ಹೋದವಳು ತಿರುಗಿ ನಿಂತಳು. "ಚುರಮುರಿದು ಇಪ್ಪತ್ತೊಂದ ದಿನಕ್ಕ ಬಂದ್ ಮಾಡಬ್ಯಾಡ್ರಿ. ಇರ್ಲಿ ಅದರ ತಾಯಿ."

"ಹಂಗ ಬಿಟ್ರ ಅದು ನಿಮ್ಮದಾಗೂದಿಲ್ರಿ. ಜೀವ ಇರೂತನಕ ತಾಯಿ ದಾರಿ ಕಾಯ್ಕೋತ ಕೂಡ್ತದ."

ಹಾಗೆ ಕಾಯುವುದೆಂದರೇನೆಂದು ಇಂಚರಾಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳು ಮತ್ತೆ ಒತ್ತಾಯಿಸಲಿಲ್ಲ.

ಇಪ್ಪತ್ತೊಂದನೆಯ ದಿನ ಭಾನುವಾರ ಬಂತು. ಮಧ್ಯಾಹ್ನ ಯಂತ್ರ ತಾನಾಗಿ ನಿಂತಿತು. ಚುರಮುರಿ ಬುಟ್ಟಿಯನ್ನು ಒಮ್ಮೆ ಮೂಸಿ ನೋಡಿ, ಏನೂ ಆಗದ ಹಾಗೆ ಬಂದು ಇಂಚರಾಳ ಮಡಿಲು ಹತ್ತಿ ಮಲಗಿತು. ಅವಳಿಗೆ ಸಂತೋಷವೂ ಆಯಿತು, ಆ ಕಾಣದ ತಾಯಿನಾಯಿಯ ಬಗ್ಗೆ ಸಂಕಟವೂ ಆಯಿತು.

ಮರಿಯನ್ನು ಎಬ್ಬಿಸದಂತೆ ಅವಳು ಅವ್ವನ ಹಳೆಯ ವಿಡಿಯೋಗಳನ್ನು ತೆರೆದಳು. ಮೂರು ಸಾವಿರಕ್ಕೂ ಹೆಚ್ಚಿದ್ದವು. ನೋಡದೆ ಬಿಟ್ಟವೇ ಬಹಳ. ಅವುಗಳಲ್ಲೊಂದು 2027ರ ಮೇ ತಿಂಗಳದ್ದು. ಅಡುಗೆಮನೆಯಿಂದ ಬಂದ ಅವ್ವ, ಫೋನು ನೋಡುತ್ತ ಕೂತ ಮಗಳನ್ನು ಹಿಂದಿನಿಂದ ತಬ್ಬಿಕೊಂಡು ಕೆನ್ನೆಗೆ ಕೆನ್ನೆ ಹಚ್ಚಿದ್ದಳು. ಎಂಟು ವರ್ಷದ ಇಂಚರಾ ಫೋನಿನಿಂದ ಕಣ್ಣು ತೆಗೆಯದೆ, ಮೊಣಕೈಯಿಂದ ಅವ್ವನನ್ನು ಆಚೆ ತಳ್ಳಿದಳು.

"ದೂರ ಸರಿ ಅವ್ವಾ," ಎಂದಳು. "ಬೆವರು ನಾರ್ತೀ."