ಏಳನೆಯ ಚೌಕ

ಮೇಲಧಿಕಾರಿ ಕಮಲಾಕ್ಷ ಬಾಳೆಕಾಯಿ ಚಿಪ್ಸ್ ತಿಂದ ಬೆರಳನ್ನು ಒರೆಸಿಕೊಳ್ಳದೆ ಜೀವಿತಾಳ ಕಂಪ್ಯೂಟರ್ ಪರದೆಯ ಮೇಲಿಟ್ಟು, "ಇದು ಎಂತದು?" ಎಂದು ಕೇಳುತ್ತಿದ್ದ. ಅವನು ಅತ್ತ ಹೋದ ಮೇಲೆ ಅವಳು ಕರ್ಚೀಫಿನಿಂದ ಆ ಎಣ್ಣೆಯನ್ನು ತಿಕ್ಕುತ್ತಿದ್ದಳು. ತಿಕ್ಕಿದಷ್ಟೂ ಅದು ಹರಡುತ್ತಿತ್ತು. ಕೊಚ್ಚಿಯ ಆ ಆಫೀಸಿನಲ್ಲಿ ಎರಡು ವರ್ಷದಿಂದ ಇದೇ ನಡೆದಿತ್ತು.

ಅಷ್ಟಕ್ಕೆ ಯಾರೂ ಯಾರನ್ನೂ ಹಾಳುಮಾಡಲು ಹೊರಡುವುದಿಲ್ಲ. ಜೀವಿತಾ ಆಸ್ಪತ್ರೆಗಳಿಗೆಂದು ಒಂದು ವ್ಯವಸ್ಥೆ ಕಟ್ಟಿದ್ದಳು. ಪರದೆಯ ಮೇಲೆ ಆರು ಚೌಕ, ನಡುವೆ ಬಾಣಗಳು. ಲ್ಯಾಬಿನಲ್ಲಿ ರಿಪೋರ್ಟು ಸಿದ್ಧವಾದ ಕೂಡಲೇ ಅದು ಬಾಣದಿಂದ ಬಾಣಕ್ಕೆ ಸಾಗಿ, ರೋಗಿಯ ಫೈಲು ಸೇರಿ, ಕೊನೆಗೆ ಡಾಕ್ಟರ ಮೊಬೈಲಿಗೆ ಮೆಸೇಜಾಗಿ ಹೋಗುತ್ತಿತ್ತು. ಕೋಡು ಬರೆಯಲು ಬಾರದವರೂ ಚೌಕಗಳನ್ನು ಎಳೆದು ಜೋಡಿಸಬಹುದಿತ್ತು. ಕಮಲಾಕ್ಷನಿಗೆ ಅದೂ ಬರುತ್ತಿರಲಿಲ್ಲ. ಆದರೆ 'ಮಾಲೀಕರು' ಎಂಬ ಜಾಗದಲ್ಲಿ ಅವನ ಹೆಸರಿತ್ತು. 2008ರ ಓಣಂ ಊಟದ ದಿನ ಕಂಪನಿ ಅವನಿಗೇ ಶಾಲು ಹೊದಿಸಿತು. ಪಕ್ಕದ ಎಲೆಯ ಮುಂದೆ ಕುಳಿತಿದ್ದ ಅವಳತ್ತ ತಿರುಗಿ, ಬಾಯಿತುಂಬ ಪಾಯಸ ಇಟ್ಟುಕೊಂಡೇ ಅವನೆಂದ:

"ನಿನ್ನದೂ ಸಣ್ಣ ಸಹಾಯ ಉಂಟು ಮಾರಾಯ್ತಿ."

ಪಾಯಸದ ಹನಿಯೊಂದು ಅವಳ ಮುಂಗೈ ಮೇಲೆ ಬಿತ್ತು. ಅವಳು ಕೈ ತೊಳೆದು ಬಂದಳು. ಬರುವಷ್ಟರಲ್ಲಿ ಮನಸ್ಸು ಗಟ್ಟಿಯಾಗಿತ್ತು.

ಅವನು ಕದ್ದದ್ದರಿಂದಲೇ ಅವನನ್ನು ಮುಗಿಸಬೇಕು. ಆ ತಂತ್ರಾಂಶಕ್ಕೆ ತನ್ನನ್ನು ಯಾರು ಯಾವಾಗ ತಿದ್ದಿದರು ಎಂದು ಬರೆದಿಡುವ ಬುದ್ಧಿ ಇರಲಿಲ್ಲ. ಅದಕ್ಕೆ ಗೊತ್ತಿದ್ದದ್ದು ಮಾಲೀಕನೊಬ್ಬನೇ. ಹೊರಡುವ ಪ್ರತಿ ಮೆಸೇಜಿನ ಕೆಳಗೂ ಮಾಲೀಕನ ಹೆಸರನ್ನು ಅದು ತಾನಾಗಿ ಅಂಟಿಸುತ್ತಿತ್ತು. ಪಾಸ್‌ವರ್ಡನ್ನಂತೂ ಕಮಲಾಕ್ಷನೇ ಕೊಟ್ಟಿದ್ದ, ತನ್ನ ಕೆಲಸ ಅವಳೇ ಮಾಡಲಿ ಎಂದು.

ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ತಿರುವನಂತಪುರದ ಉಳ್ಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಆ ವ್ಯವಸ್ಥೆಯ ಉದ್ಘಾಟನೆ. ಬುಧವಾರ ಮಧ್ಯಾಹ್ನ ಕಮಲಾಕ್ಷ ರೈಲು ಹತ್ತಿದ. ಅವನು ಕೊಲ್ಲಂ ದಾಟುವ ಹೊತ್ತಿಗೆ ಅವಳು ಏಳನೆಯ ಚೌಕವನ್ನು ಎಳೆದಳು. ಅದನ್ನು ಪರದೆಯ ಅಂಚಿನಾಚೆ, ಸರಿಸಿ ನೋಡಿದರೆ ಮಾತ್ರ ಕಾಣುವಷ್ಟು ದೂರದಲ್ಲಿ ಇಟ್ಟಳು. ಸರಿಯಾಗಿ ಹನ್ನೊಂದಕ್ಕೆ ಅದು ಒಂದೇ ಒಂದು ರಿಪೋರ್ಟನ್ನು ಎತ್ತಿಕೊಂಡು, ಡಾಕ್ಟರರಿಂದ ಹಿಡಿದು ಕ್ಯಾಂಟೀನಿನವರವರೆಗೆ, ಆಸ್ಪತ್ರೆಯ ಮುನ್ನೂರು ಮೊಬೈಲುಗಳಿಗೆ ಕಳಿಸಬೇಕು.

ಯಾರ ರಿಪೋರ್ಟು? ಪಟ್ಟಿಯಲ್ಲಿ ಅವಳು ಹುಡುಕಿದಳು. ಸಣ್ಣ ಕಾಯಿಲೆಯಾದರೆ ಗಲಾಟೆಯಾಗುವುದಿಲ್ಲ. ಕೊನೆಗೆ ಸಿಕ್ಕಿದ್ದು ತುಂಬಾ ಎಂಬ ಕಡಲತೀರದ ಊರಿನ ಪಂಕಜಾ, ನಲವತ್ತೊಂದು ವರ್ಷ, ಮೀನು ಮಾರಾಟ. ಗಂಡನಿಗೂ ಹೇಳಲು ಹೆದರುವಂಥ ಕಾಯಿಲೆ. ಜೀವಿತಾಳ ಬೆರಳು ಒಂದು ಕ್ಷಣ ನಿಂತಿತು. ಮತ್ತೆ ಬಾಣ ಎಳೆದು, ತಾನು ಎಂದೂ ನೋಡದ ಆ ಹೆಂಗಸನ್ನು ಚೌಕದೊಳಗೆ ಹಾಕಿದಳು. ಇದೂ ಕಮಲಾಕ್ಷನದೇ ಪಾಪ ಎಂದುಕೊಂಡಳು. ಹಸಿ ಮೀನನ್ನು ಮುಟ್ಟಿದವಳ ಹಾಗೆ ಕೈಗೆ ಎರಡು ಸಲ ಸೋಪು ಹಚ್ಚಿದಳು.

ಗುರುವಾರ ಹತ್ತಕ್ಕೆ ಹೊಸಬರಿಗೆ ಪಾಠ ಹೇಳಲು ಕುಳಿತಳು. ಹನ್ನೆರಡು ಜನ ಸಾಕ್ಷಿಗಳು. ಪಾಸ್‌ವರ್ಡು ತನ್ನ ಬಳಿ ಇರುವುದು ಯಾರಿಗೂ ಗೊತ್ತಿಲ್ಲ. ಆ ಮನುಷ್ಯ ತನಗೆ ಕೆಲಸ ಬರುವುದಿಲ್ಲ, ಎಲ್ಲ ಅವಳ ಕೈಗೇ ಕೊಟ್ಟಿದ್ದೆ ಎಂದು ಶಾಲು ಹೊದ್ದ ಮೇಲೆ ಒಪ್ಪಿಕೊಳ್ಳುವನೆ? ಒಪ್ಪಿಕೊಂಡರೂ ಮುಗಿದ, ಒಪ್ಪದಿದ್ದರೂ ಮುಗಿದ. ಗೋಡೆಯ ಗಡಿಯಾರ ಹನ್ನೊಂದು ದಾಟಿತು. ಜೀವಿತಾ ದನಿ ಅಲುಗದಂತೆ ಪಾಠ ಮುಂದುವರಿಸಿದಳು.

ಹನ್ನೊಂದು ಹತ್ತಕ್ಕೆ ಕಮಲಾಕ್ಷನ ಫೋನು ಬಂತು: ಯಾರದೋ ರಿಪೋರ್ಟು ಆಸ್ಪತ್ರೆಯವರಿಗೆಲ್ಲ ಹೋಗಿದೆಯಂತೆ. ಬೆಚ್ಚಿಬಿದ್ದವಳ ದನಿಯನ್ನು ಅವಳು ಮೊದಲೇ ಸಿದ್ಧಪಡಿಸಿಕೊಂಡಿದ್ದಳು. "ಅಯ್ಯೋ, ಹೇಗಾಯಿತು ಸರ್? ಅದು ನಿಮ್ಮ ಹೆಸರಿನಲ್ಲೇ ಇದೆಯಲ್ಲ?" ಎಂದಳು. ಅತ್ತಲಿಂದ ಯಾರೋ ಮಲಯಾಳಂನಲ್ಲಿ ಕೂಗಾಡುವುದು ಕೇಳಿಸುತ್ತಿತ್ತು. ಕಮಲಾಕ್ಷನ ದನಿಯಲ್ಲಿ ಮಾತ್ರ ಗಾಬರಿಯಿರಲಿಲ್ಲ, ಪಾರಾದವನ ನಿರಾಳವಿತ್ತು. "ಇಲ್ಲ ಮಾರಾಯ್ತಿ, ಈಗ ಇಲ್ಲ. ಬೆಳಿಗ್ಗೆ ಈ ಆಸ್ಪತ್ರೆಯ ಕಂಪ್ಯೂಟರ್ ನೋಡಿಕೊಳ್ಳುವ ನಿರ್ಮಲ ಫೋನು ಮಾಡಿದ್ದರು. ಎಂತ ತೊಂದರೆ ಆದರೂ, ಆದಿತ್ಯವಾರ ಆದರೂ, ಯಾರ ಹೆಸರುಂಟೋ ಅವರನ್ನೇ ಕರೆಯುವುದಂತೆ. ನನಗೆ ಅದೆಲ್ಲ ಆಗ್ಲಿಕ್ಕಿಲ್ಲ. ನಾನು ಉಳಿದ ತಂಪಾನೂರಿನ ಲಾಡ್ಜಿನ ಕೆಳಗೆ ಇಂಟರ್ನೆಟ್ ಕೆಫೆ ಇತ್ತು, ಎಂಟು ಗಂಟೆಗೇ ಹೋಗಿ ಮಾಲೀಕರ ಜಾಗದಲ್ಲಿ ನನ್ನದು ತೆಗೆದು ನಿನ್ನ ಹೆಸರು ಹಾಕಿ ಬಂದೆ. ಮುನ್ನೂರು ಮೊಬೈಲಿನಲ್ಲೂ ಕೆಳಗೆ ಜೀವಿತಾ ಅಂತಲೇ ಉಂಟು."